ಸಬ್‌ಸ್ಟೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಗೇಟಿನ ಒಳಗೆ ಏನು ನಡೆಯುತ್ತೆ?

ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರಿಗೆ ನಾನು ಸ್ಟೇಷನ್ ಆಪರೇಟರ್ ಎಂದು ಗೊತ್ತಾದರೆ ಮುಗಿಯಿತು. ಸಾರು ಬರುವಷ್ಟರಲ್ಲಿ ಮೊದಲ ಪ್ರಶ್ನೆ ಬಂದಿರುತ್ತದೆ, "ನಿಮ್ಮವರು ಕರೆಂಟ್ ಯಾಕ್ರೀ ತೆಗೀತಾರೆ?" ಹಳೇ ಮೈಸೂರು ಸೀಮೆಯ ಒಂದು 66/11 ಕೆವಿ (66 ಸಾವಿರ ವೋಲ್ಟನ್ನು 11 ಸಾವಿರಕ್ಕೆ ಇಳಿಸುವ) ಸ್ಟೇಷನ್‌ನಲ್ಲಿ ವರ್ಷಗಟ್ಟಲೆ ಶಿಫ್ಟ್ ಮಾಡಿದ ಮೇಲೆ ಹೀಗೆ ಕೇಳಿಸಿಕೊಂಡ ಪ್ರಶ್ನೆಗಳೇ ಒಂದು ರಾಶಿಯಾಗಿವೆ. ನೆಂಟರು, ತೋಟದವರು, ಕಾಲೇಜು ಹುಡುಗರು, ಫೋನ್‌ನಲ್ಲಿ ಬೈದವರು, ಎಲ್ಲರದ್ದೂ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲಿಂದ

"ಸ್ಟೇಷನ್‌ನಲ್ಲೇ ಕರೆಂಟ್ ತಯಾರಾಗುತ್ತಾ?"

ಇಲ್ಲ. ಒಂದು ಯೂನಿಟ್ ಕೂಡ ಅಲ್ಲಿ ಹುಟ್ಟುವುದಿಲ್ಲ. ಕೂಡಿಟ್ಟುಕೊಳ್ಳುವುದೂ ಇಲ್ಲ. ಕರೆಂಟ್ ತಯಾರಾಗುವುದು ಶರಾವತಿ, ರಾಯಚೂರು, ಕೈಗಾ, ಪಾವಗಡದಂಥ ಕಡೆ. ಸ್ಟೇಷನ್ ಮಾಡುವುದು ಮೂರೇ ಕೆಲಸ. ವೋಲ್ಟೇಜ್ ಇಳಿಸುತ್ತದೆ. ಬಂದದ್ದನ್ನು ಫೀಡರ್‌ಗಳಿಗೆ, ಅಂದರೆ ಊರೂರಿನ ಕಡೆ ಹೊರಡುವ ಲೈನ್‌ಗಳಿಗೆ, ಹಂಚುತ್ತದೆ. ಎಲ್ಲಾದರೂ ಕೆಟ್ಟರೆ ಆ ಭಾಗವನ್ನು ಮಾತ್ರ ಕತ್ತರಿಸಿ ಉಳಿದದ್ದನ್ನು ಉಳಿಸುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು. ನನ್ನ ಕೇಳಿದರೆ ಮೂರನೆಯದೇ ದೊಡ್ಡದು. ಯಾರ್ಡ್‌ನಲ್ಲಿ ಕಾಣುವ ಸಾಮಾನುಗಳನ್ನು ಒಂದೊಂದಾಗಿ ಕೇಳುತ್ತಾ ಹೋದರೆ, ಜಾಸ್ತಿ ಪಾಲು ಇರುವುದು ಕರೆಂಟ್ ಕೊಡುವುದಕ್ಕಲ್ಲ, ಬೇಕಾದಾಗ ತೆಗೆಯುವುದಕ್ಕೆ.

"ನಮ್ಮ ಬೀದಿಯ ಟಿಸಿ, ಊರಾಚೆಯ ಸ್ಟೇಷನ್, ಎರಡೂ ಒಂದೇ ತಾನೇ?"

ಅಲ್ಲ. ಎರಡು ಕಂಬದ ನಡುವೆ ಕೂತಿರುವ ಟಿಸಿ, ಅಂದರೆ ಸಣ್ಣ ಟ್ರಾನ್ಸ್‌ಫಾರ್ಮರ್, ಕೊನೆಯ ಮೆಟ್ಟಿಲು. 11 ಕೆವಿ, ಅಂದರೆ 11 ಸಾವಿರ ವೋಲ್ಟನ್ನು 433 ವೋಲ್ಟ್‌ಗೆ ಇಳಿಸುತ್ತದೆ. ಅದರಲ್ಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವಿನದ್ದು ನಿಮ್ಮ ಮನೆಗೆ 230 ಆಗಿ ಬರುತ್ತದೆ. ಹಳ್ಳಿಗಳಲ್ಲಿ 25, 63, 100 ಕೆವಿಎ ಟಿಸಿಗಳು ಜಾಸ್ತಿ (ಕೆವಿಎ ಅಂದರೆ ಎಷ್ಟು ಭಾರ ಹೊರಬಲ್ಲದು ಎಂಬ ಅಳತೆ, ಸಾವಿರ ಕೆವಿಎ ಒಂದು ಎಂವಿಎ). ಊರಾಚೆಯ ಸ್ಟೇಷನ್‌ನಲ್ಲಿರುವ ಟ್ರಾನ್ಸ್‌ಫಾರ್ಮರ್ 8, 12.5 ಅಥವಾ 20 ಎಂವಿಎ. 12.5 ಎಂವಿಎ ಅಂದರೆ 100 ಕೆವಿಎ ಟಿಸಿಯಂಥ 125 ಟಿಸಿಗಳ ಭಾರ ಹೊರುವಷ್ಟು. ಬೆಂಗಳೂರಿನ ಫುಟ್‌ಪಾತ್ ಮೇಲೆ ಕಾಣುವ ಹಸಿರೋ ಬೂದಿಯೋ ಬಣ್ಣದ ಕಬ್ಬಿಣದ ಡಬ್ಬಗಳಲ್ಲಿ ಕೆಲವು ಟಿಸಿಯೂ ಅಲ್ಲ, ಸ್ಟೇಷನ್ನೂ ಅಲ್ಲ. ಅವು ಆರ್‌ಎಂಯು. ನೆಲದಡಿಯ 11 ಕೆವಿ ಕೇಬಲ್‌ಗಳನ್ನು ಅತ್ತಿತ್ತ ಬದಲಿಸುವ ಸ್ವಿಚ್‌ಗಳು.

"ಶರಾವತಿಯಿಂದ ನಮ್ಮನೆಗೆ ಬರೋ ಹೊತ್ತಿಗೆ ಎಷ್ಟು ಸ್ಟೇಷನ್ ದಾಟುತ್ತೆ?"

ಮೂರೋ ನಾಲ್ಕೋ. ಶರಾವತಿಯ ಜನರೇಟರ್‌ನಿಂದ ಹೊರಡುವಾಗ ಅದು 11 ಕೆವಿ. ಅಲ್ಲೇ 220 ಕೆವಿಗೆ ಏರುತ್ತದೆ. ದೊಡ್ಡ ದೊಡ್ಡ ಹಾದಿಗಳು 400 ಕೆವಿಯವು, ನೆಲಮಂಗಲ, ಹೂಡಿಯ ಸ್ಟೇಷನ್‌ಗಳು ಅಂಥವು. ಅಲ್ಲಿಂದ 220ಕ್ಕೆ, 220ರಿಂದ 66ಕ್ಕೆ, 66ರಿಂದ 11ಕ್ಕೆ. ಇದು ಹಳೇ ಮೈಸೂರು ಸೀಮೆಯ ಲೆಕ್ಕ. ಉತ್ತರ ಕರ್ನಾಟಕ ಮತ್ತು ಕರಾವಳಿಗೆ ಹೋದರೆ 66ರ ಜಾಗದಲ್ಲಿ 110 ಕೆವಿ ಇರುತ್ತದೆ, ಅದರ ಕೆಳಗೆ 33 ಕೆವಿಯ ಇನ್ನೊಂದು ಮೆಟ್ಟಿಲೂ ಕಾಣಿಸುತ್ತದೆ.

ಒಂದು ಮಾತು. ನಿಮ್ಮ ಬಲ್ಬಿಗೆ ಬಂದದ್ದು ಶರಾವತಿಯದ್ದೇ, ಪಾವಗಡದ್ದೇ ಎಂದು ಬೇರೆ ಮಾಡಿ ಹೇಳಲು ಆಗುವುದಿಲ್ಲ. ಎಲ್ಲ ಹೊಳೆಯೂ ಒಂದೇ ಕೆರೆಗೆ ಬಿದ್ದ ಮೇಲೆ ಕೊಡದಲ್ಲಿರುವ ನೀರು ಯಾವ ಹೊಳೆಯದ್ದು?

"ಏರಿಸೋದು, ಆಮೇಲೆ ಇಳಿಸೋದು, ಈ ಸರ್ಕಸ್ ಎಲ್ಲ ಯಾಕೆ? ನೇರವಾಗಿ 230 ಕಳಿಸಿದ್ರೆ ಆಗಲ್ವಾ?"

ಲೆಕ್ಕ ಮಾಡಿ ನೋಡೋಣ. ಒಂದು ತಾಲ್ಲೂಕು ಕೇಂದ್ರಕ್ಕೆ 10 ಮೆಗಾವ್ಯಾಟ್ ಬೇಕು ಎನ್ನಿ. 66 ಕೆವಿಯಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವುದು ಸುಮಾರು 87 ಆಂಪಿಯರ್. 11 ಕೆವಿಯಲ್ಲಿ ಕಳಿಸಿದರೆ 525. ಮನೆಗೆ ಬರುವ ವೋಲ್ಟೇಜ್‌ನಲ್ಲೇ ಕಳಿಸುತ್ತೇನೆ ಎಂದು ಹಟ ಹಿಡಿದರೆ ಸುಮಾರು 14 ಸಾವಿರ ಆಂಪಿಯರ್. ಅದನ್ನು ಹೊರಲು ತಂತಿಯಲ್ಲ, ತೊಲೆ ಬೇಕು. ತಂತಿ ಬಿಸಿಯಾಗಿ ಪೋಲಾಗುವುದು ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ. ಅದೇ ತಂತಿಯಲ್ಲಿ 66ರ ಬದಲು 11 ಕೆವಿಯಲ್ಲಿ ಕಳಿಸಿದರೆ ಕರೆಂಟ್ 6 ಪಟ್ಟು, ನಷ್ಟ 36 ಪಟ್ಟು.

ಈ ಪಾಠ ನಮ್ಮ ನೆಲದಲ್ಲಿ ಬಹಳ ಬೇಗ ಕಲಿತದ್ದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳ ಸಾಲಿನಲ್ಲಿ ಅದೂ ಒಂದು. ಕಾವೇರಿಯ ದಡದಲ್ಲಿ ಏರಿಸಿ, ಗಣಿಯ ಬಳಿ ಇಳಿಸಿದ್ದರಿಂದಲೇ ಅಷ್ಟು ದೂರ ಸಾಧ್ಯವಾಯಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಗೆ ಮೊದಲು, ಊರಿಗೆ ಆಮೇಲೆ!

"ಸ್ಟೇಷನ್ ಕೆಇಬಿಯವರದ್ದಾ, ಬೆಸ್ಕಾಂನವರದ್ದಾ?"

ಕೆಇಬಿ ಈಗಿಲ್ಲ, ಬಾಯಲ್ಲಿ ಮಾತ್ರ ಉಳಿದಿದೆ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು. 2002ರಲ್ಲಿ ಹಂಚುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಹೋಯಿತು. ಮೈಸೂರಿನ ಚೆಸ್ಕಾಂ ಆಮೇಲೆ ಬಂತು. ಸುಮಾರಾಗಿ ಹೇಳುವುದಾದರೆ 66 ಕೆವಿ ಮತ್ತು ಮೇಲಿನ ಸ್ಟೇಷನ್‌ಗಳು ಕೆಪಿಟಿಸಿಎಲ್‌ನವು. ಅಲ್ಲಿಂದ ಹೊರಬಿದ್ದ 11 ಕೆವಿ ಲೈನ್, ಟಿಸಿ, ಕಂಬ, ಮೀಟರ್ ಎಲ್ಲ ಎಸ್ಕಾಂಗಳದ್ದು, ಅಂದರೆ ಈ ಹಂಚುವ ಕಂಪನಿಗಳದ್ದು. ದೂರು ಹೇಳಬೇಕಿದ್ದರೆ 1912 ಸಹಾಯವಾಣಿಗೆ ಹೇಳಿ, ಸ್ಟೇಷನ್‌ಗೆ ಬೇಡ. ಯಾಕೆ ಎಂದು ಮುಂದೆ ಹೇಳುತ್ತೇನೆ.

## ಕರೆಂಟ್ ಹೋದಾಗ

"ನಾಲ್ಕು ಹನಿ ಮಳೆ ಬಿದ್ರೆ ಸಾಕು, ಕರೆಂಟ್ ತೆಗೆದು ಕೂತ್ಕೊಳ್ತೀರಲ್ಲ?"

ಇದು ನಂಬರ್ ಒನ್ ಪ್ರಶ್ನೆ. ಎಷ್ಟೋ ಸಲ ತೆಗೆಯುವುದು ನಾವಲ್ಲ, ಅದೇ ಹೋಗುತ್ತದೆ. ಒಳಗೆ ಹೇಗಿರುತ್ತದೆ ಎಂದು ಹೇಳಿದರೆ ಅರ್ಥವಾಗುತ್ತದೆ.

ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆ. ಮೊದಲ ಮಳೆಗೆ ಮುಂಚೆ ಗಾಳಿ ಏಳುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತು ಗಂಟೆಗೊಮ್ಮೆ ಬರೆಯುವ ರೀಡಿಂಗ್ ಬರೆಯುತ್ತಿರುತ್ತೀರಿ. ಹೊರಗೆ ಯಾರ್ಡ್‌ನ ಕಡೆಯಿಂದ "ಢಬ್" ಎಂದು ಬ್ರೇಕರ್ ಎಂಬ ದೊಡ್ಡ ಸ್ವಿಚ್ ಬಿಚ್ಚಿದ ಸದ್ದು. ಆ ಕ್ಷಣವೇ ಹೂಟರ್ ಅರಚುತ್ತದೆ. ಪ್ಯಾನೆಲ್ ಮೇಲೆ ಕೆಂಪು ದೀಪ ಇದ್ದ ಕಡೆ ಹಸಿರು ದೀಪ ಬರುತ್ತದೆ. ಹೊಸಬರಿಗೆ ಇದೊಂದು ತಮಾಷೆ: ನಮ್ಮಲ್ಲಿ ಕೆಂಪು ಅಂದರೆ ಕರೆಂಟ್ ಇದೆ, ಹಸಿರು ಅಂದರೆ ಹೋಗಿದೆ. ಹೂಟರ್ ನಿಲ್ಲಿಸಿ ಎದ್ದು ಹೋಗಿ ರಿಲೇ, ಅಂದರೆ ತೊಂದರೆ ಕಂಡು ಬ್ರೇಕರ್ ಬಿಚ್ಚಿಸುವ ಸಾಧನ, ನೋಡಬೇಕು. ಕಾರಣ ತೋರಿಸುವ ಯಾವ ಫ್ಲ್ಯಾಗ್ ಬಿದ್ದಿದೆ? ಓವರ್ ಕರೆಂಟಾ, ಕರೆಂಟ್ ನೆಲಕ್ಕೆ ಹರಿಯುವ ಅರ್ತ್ ಫಾಲ್ಟಾ? ಯಾವ ಫೇಸ್? ಟೈಮ್ ಬರೆದುಕೊಳ್ಳುವಷ್ಟರಲ್ಲಿ ಇನ್ನೊಂದು ಫೀಡರ್ "ಢಬ್".

ಆಗುವುದೇನೆಂದರೆ ತೆಂಗಿನ ಗರಿಯೋ ನೀಲಗಿರಿಯ ಕೊಂಬೆಯೋ ಗಾಳಿಗೆ ತೂಗಾಡಿ ಲೈನ್‌ಗೆ ತಾಗುತ್ತದೆ. ಒಣಗಿದ ಕೊಂಬೆ ತಾಗಿದರೆ ಅಷ್ಟೇನೂ ಆಗದಿರಬಹುದು, ಒದ್ದೆಯಾದರೆ ಕರೆಂಟ್ ಅದರ ಮೂಲಕ ನೆಲಕ್ಕೆ ಹರಿಯುತ್ತದೆ. ಬೇಸಿಗೆಯಿಡೀ ಇನ್ಸುಲೇಟರ್ ಮೇಲೆ ಕೂತ ಧೂಳು ಮೊದಲ ಹನಿಗೆ ಕೆಸರಾಗಿ ಅದೂ ಒಂದು ದಾರಿಯಾಗುತ್ತದೆ. ಜೋರು ಮಳೆ ಬಂದರೆ ಧೂಳು ತೊಳೆದುಹೋಗುತ್ತದೆ. ತೊಂದರೆ ಕೊಡುವುದು ನೀವು ಹೇಳಿದ ಆ ನಾಲ್ಕು ಹನಿಯೇ.

ಹಾಗಂತ ನಾವು ತೆಗೆಯುವುದೇ ಇಲ್ಲ ಅಂತಲ್ಲ. ತಂತಿ ಹರಿದು ಬಿದ್ದಿದೆ ಎಂದು ಯಾರಾದರೂ ಫೋನ್ ಮಾಡಿದರೆ ಎರಡನೇ ಮಾತಿಲ್ಲದೆ ತೆಗೆಯುತ್ತೇವೆ. ಗಾಳಿ ತೀರಾ ಜೋರಾದರೆ ಮೇಲಿನವರೇ ತೆಗೆಯಲು ಹೇಳುವುದೂ ಉಂಟು. ಮರ ಕತ್ತರಿಸುವ ಕೆಲಸ ಬೇಸಿಗೆಯಲ್ಲಿ ಸರಿಯಾಗಿ ಆಗಿದ್ದರೆ ಈ ಬೈಗುಳದಲ್ಲಿ ಅರ್ಧ ತಪ್ಪುತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ. ಆದರೆ ಕೊಂಬೆ ಕಡಿಯಲು ಹೋದವರಿಗೆ ತೋಟದವರಿಂದ ಬೀಳುವ ಬೈಗುಳ ಬೇರೆಯೇ ಇದೆ.

"ಹೋಗುತ್ತೆ, ಬರುತ್ತೆ, ತಕ್ಷಣ ಮತ್ತೆ ಹೋಗುತ್ತೆ. ಆಟ ಆಡ್ತೀರಾ?"

ಆಟ ಅಲ್ಲ, ಟೆಸ್ಟ್ ಚಾರ್ಜ್, ಅಂದರೆ ಲೈನ್‌ಗೆ ಮತ್ತೆ ಕರೆಂಟ್ ಹಾಕಿ ನೋಡುವುದು. ಓವರ್‌ಹೆಡ್ ಲೈನ್‌ನಲ್ಲಿ ಆಗುವ ಫಾಲ್ಟ್‌ಗಳಲ್ಲಿ ಬಹಳಷ್ಟು ತಾನಾಗಿ ಸರಿಹೋಗುವಂಥವು. ಕೊಂಬೆ ತಾಗಿತು, ಲೈನ್ ಟ್ರಿಪ್ ಆಯಿತು, ಕೊಂಬೆ ಸರಿಯಿತು. ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಲೈನ್ ನಿಲ್ಲುತ್ತದೆ. ನಿಲ್ಲದೆ ಮತ್ತೆ ಹೋದರೆ ಅಲ್ಲಿ ಏನೋ ಗಟ್ಟಿಯಾದದ್ದೇ ಇದೆ ಅಂತ ಅರ್ಥ. ಆಮೇಲೆ ಸುಮ್ನೆ ಹಾಕುತ್ತಾ ಕೂರುವಂತಿಲ್ಲ. ಒಂದೊಂದು ಸಲ ಹಾಕಿದಾಗಲೂ ಫಾಲ್ಟ್ ಕರೆಂಟ್ ಸ್ಟೇಷನ್‌ನ ಟ್ರಾನ್ಸ್‌ಫಾರ್ಮರ್ ಒಳಗಿಂದಲೇ ಹರಿಯಬೇಕು. ಅದರ ಸುರುಳಿಗಳಿಗೆ ಪ್ರತಿ ಸಲವೂ ಸುತ್ತಿಗೆ ಏಟು ಬಿದ್ದ ಹಾಗೆ.

ಆಗ ಲೈನ್‌ಮನ್ ಟಾರ್ಚ್ ಹಿಡಿದು ಹೊರಡುತ್ತಾರೆ. ಮಧ್ಯದ ಒಂದು ಜಿಒಎಸ್, ಅಂದರೆ ಲೈನನ್ನು ಎರಡು ಭಾಗ ಮಾಡುವ ಕಂಬದ ಮೇಲಿನ ಸ್ವಿಚ್, ಬಿಚ್ಚಿ, "ಈಗ ಹಾಕಿ ನೋಡಿ" ಎನ್ನುತ್ತಾರೆ. ನಿಂತರೆ ತೊಂದರೆ ಆಚೆ ಅರ್ಧದಲ್ಲಿ, ನಿಲ್ಲದಿದ್ದರೆ ಈಚೆ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹುಡುಕುವುದು. ನಿಮಗೆ ಮೂರನೇ ಸಲ ಬಂದು ಹೋಗಿದ್ದು ಇದರಿಂದಲೇ ಇರಬಹುದು.

"ಎದುರು ಮನೆಗೆ ಇದೆ, ನಮಗಿಲ್ಲ. ಏನಿದು ಮೋಸ?"

ಎದುರು ಸಾಲು ಬೇರೆ ಟಿಸಿಯದ್ದೋ ಬೇರೆ ಫೀಡರ್‌ನದ್ದೋ ಇರಬಹುದು. ಒಂದೇ ಟಿಸಿಯಲ್ಲೂ ಅವರು ಒಂದು ಫೇಸ್‌ನಲ್ಲಿ, ನೀವು ಇನ್ನೊಂದರಲ್ಲಿ ಇರಬಹುದು. ನಿಮ್ಮ ಫೇಸ್‌ನ ಫ್ಯೂಸ್ ಹೋಗಿದ್ದರೆ ನಿಮ್ಮ ಮನೆ ಮಾತ್ರ ಕತ್ತಲು. ಇಂಥದ್ದು ಸ್ಟೇಷನ್‌ನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಮೀಟರ್‌ನಲ್ಲಿ ಫೀಡರ್ ಚೆನ್ನಾಗಿಯೇ ಓಡುತ್ತಿರುತ್ತದೆ. ಆದ್ದರಿಂದ ನೀವು ಹೇಳದೆ ಅದು ಸರಿಹೋಗುವುದಿಲ್ಲ.

"ಸ್ಟೇಷನ್‌ಗೆ ಫೋನ್ ಮಾಡಿದ್ರೆ ಯಾಕೆ ಎತ್ತಲ್ಲ?"

ಮಳೆ ರಾತ್ರಿ ಆಪರೇಟರ್ ಒಬ್ಬರೋ ಇಬ್ಬರೋ ಇರುತ್ತಾರೆ. ಅದೇ ಫೋನ್‌ನಲ್ಲಿ ಲೈನ್‌ಮನ್ "ತಂತಿ ಬಿದ್ದಿದೆ, ತೆಗೀರಿ" ಎನ್ನಲು ಒದ್ದಾಡುತ್ತಿರಬಹುದು. ನೀವು ಮಾಡುವ ಕರೆ ಆ ಕರೆಯನ್ನು ತಡೆಯುತ್ತದೆ. ಅದಕ್ಕೇ 1912 ಅಂದದ್ದು.

"'ಎಲ್‌ಸಿ ಕೊಟ್ಟಿದ್ದೀವಿ' ಅಂತಾರೆ. ಏನದು ಎಲ್‌ಸಿ?"

ಲೈನ್ ಕ್ಲಿಯರ್. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಲೈನ್ ಮೇಲೆ ಕೆಲಸ ಮಾಡಲು ಹೊರಟವರು ಎಲ್‌ಸಿ ಕೇಳುತ್ತಾರೆ. ಆಪರೇಟರ್ ಬ್ರೇಕರ್ ಆಫ್ ಮಾಡಿ, ಐಸೊಲೇಟರ್ ಎಂಬ ಕತ್ತಿ ಸ್ವಿಚ್ ಬಿಚ್ಚಿ, ಲೈನನ್ನು ನೆಲಕ್ಕೆ ಜೋಡಿಸಿ ಅರ್ತ್ ಮಾಡಿ, ಬೀಗ ಹಾಕಿ, ಹ್ಯಾಂಡಲ್‌ಗೆ "ಕೆಲಸ ನಡೆಯುತ್ತಿದೆ" ಎಂಬ ಬೋರ್ಡ್ ನೇತುಹಾಕಿ, ಪುಸ್ತಕದಲ್ಲಿ ಹೆಸರು, ಟೈಮ್, ನಂಬರ್ ಬರೆದು ಆಮೇಲೆ "ಕೊಟ್ಟೆ" ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವರೇ ವಾಪಸ್ ಕೊಡಬೇಕು. ಬೇರೆ ಯಾರು ಹೇಳಿದರೂ ಹಾಕುವಂತಿಲ್ಲ, ಸಾಹೇಬರು ಹೇಳಿದರೂ.

ಒಂದು ದಿನ ಒಂದೇ ಫೀಡರ್ ಮೇಲೆ ಎರಡು ಗ್ಯಾಂಗ್ ಎಲ್‌ಸಿ ತೆಗೆದುಕೊಂಡಿದ್ದರು. ಒಂದು ಗ್ಯಾಂಗ್ ಕಂಬ ಬದಲಿಸಲು, ಇನ್ನೊಂದು ಆರು ಕಿಲೋಮೀಟರ್ ಆಚೆ ತಂತಿ ಜೋಡಿಸುವ ಜಂಪ್ ಕಟ್ಟಲು. ಮಧ್ಯಾಹ್ನ ಒಂದು ಗಂಟೆಗೆ ಮೊದಲ ಗ್ಯಾಂಗಿನವರು ಫೋನ್ ಮಾಡಿ, "ಮುಗೀತು, ಚಾರ್ಜ್ ಮಾಡಿ" ಎಂದರು. ಫೋನ್ ಎತ್ತಿದ್ದು ಹೊಸದಾಗಿ ಸೇರಿದ ಹುಡುಗ. ಬೆಳಗಿನಿಂದ ಜನರ ಬೈಗುಳ ಕೇಳಿ ಸಾಕಾಗಿತ್ತು ಅವನಿಗೆ. ಬೀಗದ ಕೈ ತೆಗೆದುಕೊಂಡು ಹೊರಟೇಬಿಟ್ಟ. ನಾನು ಬುತ್ತಿ ಬಿಚ್ಚುತ್ತಿದ್ದವನು ಪುಸ್ತಕ ನೋಡಿದೆ. ಎರಡನೇ ಸಾಲಿನ ಮುಂದೆ ವಾಪಸ್ ಕಾಲಂ ಖಾಲಿ. ಬಾಗಿಲಲ್ಲೇ ಹಿಡಿದು ನಿಲ್ಲಿಸಿದೆ. ಆಚೆ ಗ್ಯಾಂಗಿಗೆ ಫೋನ್ ಮಾಡಿದಾಗ ಎತ್ತಿದವರು ಹೇಳಿದ್ದು, "ಅಣ್ಣ, ಅವನು ಇನ್ನೂ ಮೇಲಿದ್ದಾನೆ." ಆ ಹುಡುಗ ಆ ದಿನ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಆದ್ದರಿಂದ "ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ತೆಗೀತಾರೆ" ಎಂದು ಬೈಯುವಾಗ ಸ್ವಲ್ಪ ನಿಧಾನಿಸಿ.

"ತೋಟಕ್ಕೆ ತ್ರೀಫೇಸ್ ಅಪರಾತ್ರೀಲಿ ಕೊಡ್ತೀರಿ. ಹಾವು ಚೇಳು ತುಳಿದು ನೀರು ಕಟ್ಟಬೇಕಾ?"

ಈ ದೂರು ನ್ಯಾಯವಾದದ್ದು. ಎಲ್ಲ ಫೀಡರ್‌ಗೂ ಒಟ್ಟಿಗೆ ತ್ರೀಫೇಸ್ ಕೊಟ್ಟರೆ ಸಾವಿರಾರು ಮೋಟರ್ ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ಅದಕ್ಕೇ ಪಾಳಿ ಮಾಡುತ್ತಾರೆ. ಒಂದು ಬ್ಯಾಚಿಗೆ ಹಗಲು, ಇನ್ನೊಂದಕ್ಕೆ ರಾತ್ರಿ. ಉಳಿದ ಹೊತ್ತು ಮನೆಯ ದೀಪಕ್ಕಾಗುವಷ್ಟು ಸಿಂಗಲ್ ಫೇಸ್. ಅದರಲ್ಲೂ ಕಂಡೆನ್ಸರ್ ಹಾಕಿ ಮೋಟರ್ ಎಬ್ಬಿಸುವವರಿದ್ದಾರೆ, ಆಗ ಇಡೀ ಊರಿನ ದೀಪ ಮಂಕಾಗುತ್ತದೆ, ಟಿಸಿ ಸುಡುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡಿದ ಕಡೆ ಈ ಜಗಳ ತುಂಬಾ ಕಡಿಮೆಯಾಯಿತು. ಈಗ ಸೋಲಾರ್ ಜಾಸ್ತಿಯಾಗಿ ಹಗಲು ಕರೆಂಟ್ ಹೇರಳವಾಗಿ ಸಿಗುವುದರಿಂದ ಪಂಪ್‌ಸೆಟ್‌ಗೆ ಹಗಲಲ್ಲೇ ಕೊಡುವ ಕಡೆ ವ್ಯವಸ್ಥೆ ವಾಲುತ್ತಿದೆ. ಬೇಗ ಆಗಲಿ.

## ಗೇಟಿನ ಒಳಗೆ

"ಯಾರ್ಡ್ ತುಂಬಾ ಜಲ್ಲಿ ಯಾಕೆ ಸುರಿದಿರ್ತಾರೆ? ಕಳೆ ಬೆಳೀಬಾರದು ಅಂತಾನಾ?"

ಕಳೆ ಬೆಳೆಯದಿರುವುದು ಲಾಭವೇ. ನಿಜವಾದ ಕಾರಣ ಕಾಲಿನ ಕೆಳಗಿದೆ. ಫಾಲ್ಟ್ ಆದಾಗ ಸಾವಿರಾರು ಆಂಪಿಯರ್ ನೆಲಕ್ಕೆ ಇಳಿಯುತ್ತದೆ. ಆಗ ನೆಲದ ಒಂದು ಜಾಗಕ್ಕೂ ಒಂದು ಹೆಜ್ಜೆ ಆಚೆಗೂ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ. ಒಂದು ಕಾಲು ಇಲ್ಲಿ, ಇನ್ನೊಂದು ಅಲ್ಲಿ ಇಟ್ಟು ನಿಂತವನ ಮೈಯಿಂದ ಕರೆಂಟ್ ಹರಿಯಬಹುದು. ಮಣ್ಣಿನಡಿ ಕಬ್ಬಿಣದ ಪಟ್ಟಿಗಳನ್ನು ಜಾಲರಿಯಂತೆ ಹೂತು ಆ ವ್ಯತ್ಯಾಸ ಕಡಿಮೆ ಮಾಡುತ್ತಾರೆ. ಮೇಲೆ ಹಾಸಿದ ಜಲ್ಲಿ ಒದ್ದೆಯಾದರೂ ಮಣ್ಣಿನಷ್ಟು ಸುಲಭವಾಗಿ ಕರೆಂಟ್ ಬಿಡುವುದಿಲ್ಲ. ಟ್ರಾನ್ಸ್‌ಫಾರ್ಮರ್ ಎಣ್ಣೆ ಸೋರಿದರೆ ಕೆಳಗೆ ಇಳಿದು ಹೋಗಲೂ ಅದೇ ಜಲ್ಲಿ ದಾರಿ.

"ಗುಂಯ್ ಅಂತ ಸದ್ದು ಬರುತ್ತಲ್ಲ, ಅದು ಸಿಡಿಯೋ ಲಕ್ಷಣವಾ?"

ಇಲ್ಲಪ್ಪ. ಒಳಗಿನ ಕಬ್ಬಿಣದ ತೆಳು ಹಾಳೆಗಳು ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುವ ಸದ್ದು ಅದು. ಕರೆಂಟ್ 50 ಹರ್ಟ್ಸ್, ಅದರ ಎರಡು ಪಟ್ಟು. ಹಳಬರು ಆ ಸದ್ದಿಗೇ ನಿದ್ದೆ ಮಾಡುತ್ತಾರೆ. ಸದ್ದು ನಿಂತರೆ ಎಚ್ಚರಾಗುತ್ತದೆ.

"ಟ್ರಾನ್ಸ್‌ಫಾರ್ಮರ್‌ಗೆ ಎಣ್ಣೆ ಯಾಕೆ? ಎಂಜಿನ್ ಆಯಿಲ್ ಥರನಾ?"

ಜಾರಲಿ ಎಂದು ಹಾಕಿದ ಎಣ್ಣೆಯಲ್ಲ, ಒಳಗೆ ತಿರುಗುವುದು ಏನೂ ಇಲ್ಲ. ಎಣ್ಣೆಗೆ ಎರಡು ಕೆಲಸ. ಸುರುಳಿಗಳ ನಡುವೆ ಕಿಡಿ ಹಾರದಂತೆ ತಡೆಯುವುದು, ಬಿಸಿಯನ್ನು ಹೊರಗಿನ ರೇಡಿಯೇಟರ್‌ಗೆ ಒಯ್ಯುವುದು. ಎಣ್ಣೆಯ ಶತ್ರು ನೀರು. ಹಗಲು ಬಿಸಿಗೆ ಎಣ್ಣೆ ಹಿಗ್ಗಿ, ರಾತ್ರಿ ಕುಗ್ಗುವಾಗ ಟ್ಯಾಂಕ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವ ಹೀರಲು ಒಂದು ಗಾಜಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳಿರುತ್ತವೆ. ಒಣಗಿದ್ದಾಗ ನೀಲಿ, ತೇವ ಹೀರಿದಂತೆ ಗುಲಾಬಿ. ಬೆಳಗಿನ ರೌಂಡ್‌ನಲ್ಲಿ ಮೊದಲು ಕಣ್ಣು ಹೋಗುವುದು ಅಲ್ಲಿಗೆ. ಗುಲಾಬಿಯಾದರೆ ತೆಗೆದು ಹುರಿದು ಮತ್ತೆ ನೀಲಿ ಮಾಡಿಕೊಳ್ಳಬಹುದು, ಥೇಟ್ ಉಪ್ಪಿಟ್ಟಿನ ರವೆ ಹುರಿದ ಹಾಗೆ.

ಟ್ಯಾಂಕಿನಿಂದ ಮೇಲಿನ ಸಣ್ಣ ಪೀಪಾಯಿಗೆ ಹೋಗುವ ಪೈಪಿನಲ್ಲಿ ಬುಕೋಲ್ಜ್ ರಿಲೇ ಎಂಬುದು ಕೂತಿರುತ್ತದೆ. ಒಳಗೆ ಎಲ್ಲೋ ಸುಡಲು ಶುರುವಾದರೆ ಎಣ್ಣೆ ಒಡೆದು ಗ್ಯಾಸ್ ಬರುತ್ತದೆ. ಸ್ವಲ್ಪ ಗುಳ್ಳೆ ಸೇರಿದರೆ ಅದು ಎಚ್ಚರಿಕೆ ಕೊಡುತ್ತದೆ. ಎಣ್ಣೆ ರಭಸದಿಂದ ನುಗ್ಗಿದರೆ ಟ್ರಾನ್ಸ್‌ಫಾರ್ಮರನ್ನೇ ಬಿಡಿಸುತ್ತದೆ. ಇಷ್ಟು ಸರಳವಾದ, ಇಷ್ಟು ನಂಬಿಕೆಯ ಸಾಧನವನ್ನು ನಾನು ಬೇರೆ ಕಂಡಿಲ್ಲ.

"ನಮ್ಮನೆ ಎಂಸಿಬಿಗೂ ಅಲ್ಲಿನ ಬ್ರೇಕರ್‌ಗೂ ಏನು ವ್ಯತ್ಯಾಸ?"

ಉದ್ದೇಶ ಒಂದೇ, ಎದುರಾಳಿ ಬೇರೆ. 66 ಕೆವಿಯಲ್ಲಿ ಸಂಪರ್ಕ ಬಿಡಿಸಿದರೂ ಕರೆಂಟ್ ನಿಲ್ಲುವುದಿಲ್ಲ, ಗಾಳಿಯಲ್ಲೇ ಬೆಂಕಿಯ ಹಗ್ಗವಾಗಿ ಹರಿಯುತ್ತಿರುತ್ತದೆ. ಆ ಆರ್ಕ್ ಆರಿಸುವುದೇ ಬ್ರೇಕರ್‌ನ ವಿದ್ಯೆ. 11 ಕೆವಿಯಲ್ಲಿ ಈಗ ನಿರ್ವಾತದ ಬಾಟಲಿಯೊಳಗೆ ಬಿಡಿಸುತ್ತಾರೆ, ಉರಿಯಲು ಅಲ್ಲಿ ಗಾಳಿಯೇ ಇಲ್ಲ. 66 ಮತ್ತು ಮೇಲಕ್ಕೆ ಎಸ್‌ಎಫ್6 ಅನಿಲ. ಅದು ಆರ್ಕ್ ಆರಿಸುವುದರಲ್ಲಿ ನಿಸ್ಸೀಮ. ಆದರೆ ಸೋರಿದರೆ ಭೂಮಿ ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 20 ಸಾವಿರ ಪಟ್ಟಿಗೂ ಹೆಚ್ಚು ಕೆಟ್ಟದ್ದು.

ಪಕ್ಕದಲ್ಲೇ ಕತ್ತಿಯಂತೆ ಕಾಣುವ ಐಸೊಲೇಟರ್‌ಗೆ ಈ ವಿದ್ಯೆ ಇಲ್ಲ. ಲೋಡ್ ಇರುವಾಗ ಅದನ್ನು ಬಿಚ್ಚಿದರೆ ಬಿಚ್ಚಿದವನ ಮುಖದ ಮುಂದೆಯೇ ಬೆಂಕಿ. ಅದಕ್ಕೇ ಕ್ರಮ ಯಾವಾಗಲೂ ಒಂದೇ. ಬಿಡಿಸುವಾಗ ಮೊದಲು ಬ್ರೇಕರ್, ಆಮೇಲೆ ಐಸೊಲೇಟರ್. ಹಾಕುವಾಗ ಉಲ್ಟಾ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆಪರೇಟರ್ ಇದನ್ನು ತಪ್ಪಿಲ್ಲದೆ ಹೇಳಬೇಕು.

"ಊರಿಗೆಲ್ಲ ಕರೆಂಟ್ ಹೋದ್ರೆ ಸ್ಟೇಷನ್‌ನಲ್ಲೂ ಕತ್ತಲೆನಾ?"

ಫ್ಯಾನ್ ನಿಲ್ಲುತ್ತದೆ, ಸೊಳ್ಳೆ ಕಚ್ಚುತ್ತದೆ. ರಿಲೇ, ಬ್ರೇಕರ್ ಮಾತ್ರ ನಿಲ್ಲುವಂತಿಲ್ಲ. ಅದಕ್ಕಾಗಿ ಒಂದು ಕೋಣೆ ತುಂಬ ಬ್ಯಾಟರಿ ಇರುತ್ತದೆ, ನಮ್ಮಲ್ಲಿ 110 ವೋಲ್ಟ್ ಡಿಸಿ. ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಊರಿಗೆ ಕತ್ತಲು ಅಷ್ಟೇ. ಬ್ಯಾಟರಿ ಕೆಟ್ಟಿರುವಾಗ ಫಾಲ್ಟ್ ಆದರೆ ಬ್ರೇಕರ್ ಬಿಡುವುದಿಲ್ಲ, ಸ್ಟೇಷನ್ನೇ ಹೊತ್ತಿಕೊಳ್ಳಬಹುದು. ನೋಡಲು ಬಂದವರು ಟ್ರಾನ್ಸ್‌ಫಾರ್ಮರ್ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನಾಗಿದ್ದರೆ ಬ್ಯಾಟರಿ ರೂಮಿನ ಮುಂದೆ ನಿಲ್ಲುತ್ತಿದ್ದೆ.

"ಮನೆ ಪಕ್ಕ ಸ್ಟೇಷನ್ ಬರ್ತಿದೆ. ಆರೋಗ್ಯಕ್ಕೆ ತೊಂದರೆ ಇದೆಯಾ?"

ಕಾಂಪೌಂಡಿನ ಹೊರಗೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಕಾಂತಕ್ಷೇತ್ರ ಬಹಳ ಬೇಗ ಕುಗ್ಗುತ್ತದೆ. ಜಾಸ್ತಿ ಗಮನಿಸಬೇಕಾದದ್ದು ಒಳಗೆ ಹೊರಗೆ ಹೋಗುವ ಲೈನ್‌ಗಳನ್ನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಇಂಥ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ ಹಾಕಿತು. ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇದ್ದರೂ ಇರಬಹುದು, ಸಾಕ್ಷ್ಯ ಗಟ್ಟಿಯಿಲ್ಲ ಅಂತ. ಕಣ್ಣಿಗೆ ಕಾಣುವ ಅಪಾಯ ಬೇರೆ ಇದೆ. 66 ಕೆವಿ ಲೈನಿಗೆ 18 ಮೀಟರ್, 220 ಕೆವಿಗೆ 35 ಮೀಟರ್ ಅಗಲದ ಪಟ್ಟಿ ಖಾಲಿ ಬಿಡಬೇಕು. ಅದರೊಳಗೆ ಮನೆ ಕಟ್ಟಿ, ತಾರಸಿಯಲ್ಲಿ ಕಬ್ಬಿಣದ ಸರಳು ಎತ್ತುವವರನ್ನು ಕಂಡಾಗ ಎದೆ ಧಸಕ್ ಎನ್ನುತ್ತದೆ.

## ಸ್ವಲ್ಪ ಆಳಕ್ಕೆ

"ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಸ್ಟೇಷನ್‌ನಲ್ಲಿ ಏರಿಸೋಕೆ ಆಗಲ್ವಾ?"

ಆಗುತ್ತದೆ, ಸ್ವಲ್ಪ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಟ್ಯಾಪ್ ಚೇಂಜರ್ ಎಂಬ ಪೆಟ್ಟಿಗೆ ಇರುತ್ತದೆ. ಲೋಡ್ ಇರುವಾಗಲೇ ಸುರುಳಿಯ ಸುತ್ತುಗಳ ಲೆಕ್ಕ ಒಂದೊಂದೇ ಮೆಟ್ಟಿಲು ಬದಲಿಸಿ 11 ಕೆವಿಯನ್ನು ಸರಿಯಾಗಿ ಇಡುತ್ತದೆ. ಕೆಪ್ಯಾಸಿಟರ್ ಬ್ಯಾಂಕ್ ಹಾಕಿದರೆ ಮೋಟರ್‌ಗಳು ಸುಮ್ನೆ ಎಳೆಯುವ ಕರೆಂಟ್ ಅಲ್ಲೇ ಪೂರೈಕೆಯಾಗಿ ವೋಲ್ಟೇಜ್ ಇನ್ನಷ್ಟು ಚೇತರಿಸುತ್ತದೆ. ಆದರೆ ಸ್ಟೇಷನ್‌ನಲ್ಲಿ ಸರಿಯಿದ್ದು ನಿಮಗೆ 180 ಬರುತ್ತಿದ್ದರೆ ತಪ್ಪು ದಾರಿಯಲ್ಲಿದೆ. ಫೀಡರ್ ತೀರಾ ಉದ್ದ, ಅಥವಾ ಟಿಸಿಗೆ ಭಾರ ಜಾಸ್ತಿ, ಅಥವಾ ಟಿಸಿಯಿಂದ ನಿಮ್ಮ ಮನೆ ತುಂಬಾ ದೂರ. ಸ್ಟೇಷನ್‌ನಲ್ಲೇ ಮೇಲೆ ಎತ್ತಿದರೆ ಹತ್ತಿರದ ಮನೆಗಳಲ್ಲಿ 260 ಆಗಿ ಟಿವಿ ಸುಡುತ್ತದೆ. 230ರ ಮೇಲೆ ಕೆಳಗೆ ಶೇಕಡ 6, ಅಂದರೆ 216ರಿಂದ 244ರೊಳಗೆ ಇರಬೇಕು ಎನ್ನುವುದು ನಿಯಮ. ನೀವು ಇನ್ನೊಂದು ಟಿಸಿ ಕೇಳಿ ಅರ್ಜಿ ಕೊಡುವುದೇ ಸರಿಯಾದ ದಾರಿ.

"ಎಲ್ಲೋ ಹತ್ತು ಕಿಲೋಮೀಟರ್ ದೂರದಲ್ಲಿ ಕೊಂಬೆ ಬಿದ್ದರೆ ರಿಲೇಗೆ ಹೇಗೆ ಗೊತ್ತಾಗುತ್ತೆ?"

ಕರೆಂಟ್ ಅಳೆದು. ಲೈನ್‌ನ ನೂರಾರು ಆಂಪಿಯರನ್ನು ಸಿಟಿ ಎಂಬ ಸಣ್ಣ ಟ್ರಾನ್ಸ್‌ಫಾರ್ಮರ್ 1 ಅಥವಾ 5 ಆಂಪಿಯರ್‌ಗೆ ಇಳಿಸಿ ರಿಲೇಗೆ ತೋರಿಸುತ್ತದೆ. ಇಟ್ಟ ಮಿತಿ ದಾಟಿದರೆ ರಿಲೇ ಬ್ರೇಕರ್‌ಗೆ ಹೇಳುತ್ತದೆ. ಮೂರು ಫೇಸ್‌ಗಳ ಕರೆಂಟ್ ಕೂಡಿಸಿದರೆ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಉಳಿದದ್ದು ನೆಲಕ್ಕೆ ಹರಿಯುತ್ತಿದೆ. ಅದೇ ಅರ್ತ್ ಫಾಲ್ಟ್.

ಚಂದ ಇರುವುದು ಸರದಿಯಲ್ಲಿ. ಒಂದೇ ಫಾಲ್ಟನ್ನು ಫೀಡರ್ ರಿಲೇಯೂ ನೋಡುತ್ತದೆ, ಟ್ರಾನ್ಸ್‌ಫಾರ್ಮರ್ ರಿಲೇಯೂ ನೋಡುತ್ತದೆ, ಆಚೆ 220 ಸ್ಟೇಷನ್‌ನ ರಿಲೇಯೂ ನೋಡುತ್ತದೆ. ಕೆಳಗಿನದಕ್ಕೆ ಅವಸರ ಜಾಸ್ತಿ, ಮೇಲಿನವು ಅರೆಕ್ಷಣ ಕಾಯುತ್ತವೆ. ಕೆಳಗಿನದು ಸೋತರೆ ಮಾತ್ರ ಮೇಲಿನದು ಕೈ ಹಾಕುತ್ತದೆ. ಈ ಟೈಮ್ ಸೆಟ್ಟಿಂಗ್ ತಪ್ಪಿದರೆ ಒಂದು ಹಳ್ಳಿಯ ಕೊಂಬೆಗೆ ಇಡೀ ತಾಲ್ಲೂಕು ಕತ್ತಲು. ಒಮ್ಮೆ ನಮ್ಮ ಯಾರ್ಡ್‌ನಲ್ಲೇ ಒಂದು ಅಳಿಲು 11 ಕೆವಿ ಬಸ್, ಅಂದರೆ ಎಲ್ಲ ಫೀಡರ್‌ಗೂ ಕರೆಂಟ್ ಕೊಡುವ ಕಂಬಿಯ ಮೇಲೆ ಹತ್ತಿ ಎಲ್ಲ ಫೀಡರ್‌ಗಳನ್ನೂ ಒಟ್ಟಿಗೆ ಕೆಡವಿತ್ತು. ಬಸ್‌ನಿಂದಲೇ ಎಲ್ಲ ಫೀಡರ್ ಹೊರಡುವುದರಿಂದ ಅಲ್ಲಿ ಸರದಿ ಉಪಯೋಗಕ್ಕೆ ಬರುವುದಿಲ್ಲ.

ರಿಲೇಗೆ ಕಾಣದ ಫಾಲ್ಟೂ ಇದೆ. ಹರಿದ ತಂತಿ ಒಣಗಿದ ಬಂಡೆಯ ಮೇಲೋ ಟಾರಿನ ಮೇಲೋ ಬಿದ್ದರೆ ಹರಿಯುವ ಕರೆಂಟ್ ತೀರಾ ಕಡಿಮೆ, ಮಾಮೂಲಿ ಲೋಡ್‌ನಂತೆಯೇ ಕಾಣುತ್ತದೆ. ಲೈನ್ ಟ್ರಿಪ್ ಆಗುವುದಿಲ್ಲ, ತಂತಿ ಜೀವಂತ. ಬಿದ್ದ ತಂತಿ ಸತ್ತಿದೆ ಎಂದು ಯಾವತ್ತೂ ಅಂದುಕೊಳ್ಳಬೇಡಿ. ದೂರ ನಿಂತು, ದನಕರು ಮಕ್ಕಳನ್ನು ತಡೆದು, 1912ಕ್ಕೆ ಫೋನ್ ಮಾಡಿ.

"ಲೈನ್ ಸರಿ ಇದೆ, ಟ್ರಾನ್ಸ್‌ಫಾರ್ಮರ್ ಸರಿ ಇದೆ. ಮತ್ತೆ ಲೋಡ್ ಶೆಡ್ಡಿಂಗ್ ಯಾಕೆ?"

ಈ ಪ್ರಶ್ನೆಗೆ ಉತ್ತರ ಸ್ಟೇಷನ್‌ನಲ್ಲಿಲ್ಲ. ಇಡೀ ದೇಶದ ಜನರೇಟರ್‌ಗಳು ಒಂದೇ ತಾಳಕ್ಕೆ ತಿರುಗುತ್ತವೆ. ಆ ತಾಳ, ಅಂದರೆ ಫ್ರೀಕ್ವೆನ್ಸಿ, 49.90ರಿಂದ 50.05 ಹರ್ಟ್ಸ್ ನಡುವೆ ಇರಬೇಕು. ಬಳಕೆ ಜಾಸ್ತಿಯಾಗಿ ತಯಾರಿಕೆ ಸಾಲದಿದ್ದರೆ ತಾಳ ನಿಧಾನವಾಗುತ್ತದೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಿಂದ ಫೋನ್ ಬರುತ್ತದೆ, ಇಷ್ಟು ಲೋಡ್ ಇಳಿಸಿ ಅಂತ. ತೀರಾ ಇಳಿದರೆ, 49.4ರ ಹತ್ತಿರ ಬಂದರೆ, ಯಾರನ್ನೂ ಕೇಳದೆ ರಿಲೇಗಳೇ ಫೀಡರ್ ಬಿಡಿಸಲು ಶುರು ಮಾಡುತ್ತವೆ.

ಇಳಿಸದಿದ್ದರೆ ಏನಾಗುತ್ತದೆ ಎನ್ನುವುದನ್ನು 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತ ನೋಡಿದವು. 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ನಾವು ಬಚಾವಾದೆವು. ದಕ್ಷಿಣದ ಗ್ರಿಡ್, ಅಂದರೆ ಲೈನ್‌ಗಳ ಜಾಲ, ಆಗ ಉಳಿದದ್ದರ ಜೊತೆ ತಾಳ ಕೂಡಿಸಿರಲಿಲ್ಲ, ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿಸಿ ಲೈನ್‌ಗಳ ಮೂಲಕ ಮಾತ್ರ ಸಂಬಂಧವಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಚಾರ್ಜ್ ಆಗಿ ದೇಶವೆಲ್ಲ ಒಂದೇ ಗ್ರಿಡ್ ಆಯಿತು. ಬಳಕೆ ಒಮ್ಮೆಲೇ ಕುಸಿದರೂ ಅಷ್ಟೇ ಕಷ್ಟ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೇಶವೆಲ್ಲ ದೀಪ ಆರಿಸಿದಾಗ 30 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಲೋಡ್ ನಿಮಿಷಗಳಲ್ಲಿ ಇಳಿಯಿತು. ಅಂದು ಸಮತೋಲ ಕಾದದ್ದು ಮುಖ್ಯವಾಗಿ ಜಲವಿದ್ಯುತ್ ಘಟಕಗಳು.

"ತಾರಸಿ ಮೇಲೆ ಸೋಲಾರ್ ಹಾಕಿಸಿದೀವಿ. ಲೈನ್ ಹೋದ್ರೆ ಬಿಸಿಲಿದ್ರೂ ಅದೂ ನಿಲ್ಲುತ್ತೆ. ಯಾಕೆ?"

ಬೇಕೆಂದೇ ನಿಲ್ಲಿಸುತ್ತಾರೆ. ಮೊದಲು ಕರೆಂಟ್ ಒಂದೇ ದಿಕ್ಕಿನಿಂದ ಬರುತ್ತಿತ್ತು. ಸ್ಟೇಷನ್‌ನಲ್ಲಿ ತೆಗೆದರೆ ಲೈನ್ ಸತ್ತ ಹಾಗೇ. ಈಗ ಬೀದಿಯ ಹತ್ತು ಮನೆಗಳ ಮೇಲೂ ಕರೆಂಟ್ ಹುಟ್ಟುತ್ತದೆ. ನಿಮ್ಮ ಸೋಲಾರ್ ಲೈನಿಗೆ ಕರೆಂಟ್ ಬಿಡುತ್ತಲೇ ಇದ್ದರೆ ಟಿಸಿ ಅದನ್ನು ಹಿಮ್ಮುಖವಾಗಿ 11 ಸಾವಿರಕ್ಕೆ ಏರಿಸಿಬಿಡುತ್ತದೆ. ಅದಕ್ಕೇ ಲೈನ್ ಹೋದ ಕೂಡಲೇ ಇನ್ವರ್ಟರ್ ತಾನಾಗಿ ಕಳಚಿಕೊಳ್ಳಬೇಕೆಂಬ ನಿಯಮ. ಮನೆಯ ಮಾಮೂಲಿ ಜನರೇಟರನ್ನು ಚೇಂಜ್ ಓವರ್ ಸ್ವಿಚ್ ಇಲ್ಲದೆ ಲೈನಿಗೆ ಕೊಟ್ಟುಕೊಂಡವರಿಗೆ ಈ ಬುದ್ಧಿ ಇರುವುದಿಲ್ಲ. ಲೈನ್‌ಮನ್‌ಗಳು ಎಲ್‌ಸಿ ಸಿಕ್ಕ ಮೇಲೂ ಕೆಲಸದ ಜಾಗದ ಎರಡೂ ಕಡೆ ಅರ್ತ್ ರಾಡ್ ತಗುಲಿಸಿಯೇ ಕಂಬ ಹತ್ತುವುದು ಇದಕ್ಕೇ. ಒಂದು ಕಡೆ ನನ್ನಂಥ ಆಪರೇಟರ್‌ಗಾಗಿ, ಇನ್ನೊಂದು ಕಡೆ ನಿಮ್ಮ ತಾರಸಿಗಾಗಿ.